ಬೀಳುವ ಹರ್ಡಲ್ ಕೊಳ್ಳಿ: ತುಮಕೂರಿನ ಮೈದಾನಗಳಲ್ಲಿ ಕಾಣುವ ಮೂರು ಬಗೆಯ ಹರ್ಡಲ್‌ಗಳ ವಿಮರ್ಶೆ

ಹರ್ಡಲ್ ಅಂದರೆ ಓಟಗಾರರು ಓಡುತ್ತಲೇ ದಾಟಬೇಕಾದ ಅಡ್ಡಗಟ್ಟು. ತುಮಕೂರು ಜಿಲ್ಲೆಯ ಶಾಲೆ, ಕಾಲೇಜು, ಕ್ಲಬ್‌ಗಳ ಮೈದಾನಗಳಲ್ಲಿ ಇದು ಮೂರು ಬಗೆಯಲ್ಲಿ ಕಾಣಸಿಗುತ್ತದೆ. ಕ್ರೀಡಾ ಸಾಮಾನಿನ ಅಂಗಡಿಯಿಂದ ತರಿಸಿದ, ತೂಕ ಸರಿಸಲು ಬರುವ ಸ್ಪರ್ಧಾ ಹರ್ಡಲ್ ಒಂದು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ್ದು ಇನ್ನೊಂದು. ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪನ್ನು ಎಲ್ಬೋ, ಟೀ ಎಂಬ ಜೋಡಣೆಯ ತುಂಡುಗಳಿಂದ ಸೇರಿಸಿ ಮಾಡಿದ್ದು ಮೂರನೆಯದು. ಮೂರಕ್ಕೂ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಓಡಿ ಬಂದ ಮಗುವಿನ ಕಾಲು ತಗುಲಿದರೆ ಇದು ಬೀಳುತ್ತದೆಯೇ? ಬಣ್ಣ, ಬೆಲೆ, ಗ್ಯಾರಂಟಿ ಎಲ್ಲ ಆಮೇಲೆ.

ನಿಯಮದಲ್ಲಿ ಇದಕ್ಕೆ ಅಳತೆಯೇ ಇದೆ. ಮೇಲಿನ ಪಟ್ಟಿಯ ನಟ್ಟನಡುವೆ ಓಟದ ದಿಕ್ಕಿಗೆ ತಳ್ಳಿದಾಗ 3.6 ಕಿಲೋಗಿಂತ ಕಮ್ಮಿ ಬಲಕ್ಕೆ ಹರ್ಡಲ್ ಉರುಳಬಾರದು, 4 ಕಿಲೋ ದಾಟುವವರೆಗೂ ನಿಂತೇ ಇರಬಾರದು. ಒಟ್ಟು ತೂಕ 10 ಕಿಲೋಗೆ ಕಮ್ಮಿ ಇರಕೂಡದು. ಅಗಲ 1.18ರಿಂದ 1.20 ಮೀಟರ್, ನೆಲದ ಮೇಲಿನ ಕಾಲಿನ ಉದ್ದ ಹೆಚ್ಚೆಂದರೆ 70 ಸೆಂ.ಮೀ., ಮೇಲಿನ ಪಟ್ಟಿ 7 ಸೆಂ.ಮೀ. ಎತ್ತರ. ಈ ಅಂಕಿಗಳಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳಲು ಸಾಧ್ಯ ಎಂದರೆ ಮೊದಲನೆಯದನ್ನೇ ಇಟ್ಟುಕೊಳ್ಳಿ.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಕಿಲ್ಲ. ಸಾಮಾನು ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಒಂದು, ಗಟ್ಟಿ ದಾರ ಒಂದು ಮೊಳ. ಹರ್ಡಲನ್ನು ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ. ಪಟ್ಟಿಯ ಮಧ್ಯಕ್ಕೆ ದಾರ ಕಟ್ಟಿ, ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಓಡುವವರು ಹೋಗುವ ದಿಕ್ಕಿಗೆ ನಿಧಾನವಾಗಿ ಎಳೆಯಿರಿ. ದಾರ ನೆಲಕ್ಕೆ ಸಮನಾಗಿ ಮಟ್ಟಸವಾಗಿರಬೇಕು. ಕೈ ಮೇಲಕ್ಕೋ ಕೆಳಕ್ಕೋ ಹೋದರೆ ಅಂಕಿ ಸುಳ್ಳು ಹೇಳುತ್ತದೆ. ನೆಲ ನುಣುಪಾಗಿದ್ದು ಹರ್ಡಲ್ ಉರುಳುವ ಬದಲು ಜಾರುತ್ತಿದ್ದರೆ, ಕಂಬದ ಬುಡಕ್ಕೆ ಎದುರಾಗಿ ಒಂದು ಇಟ್ಟಿಗೆ ಅಡ್ಡ ಮಲಗಿಸಿ. ಕಾಲಿನ ತುದಿ ನೆಲ ಬಿಡುವ ಗಳಿಗೆಯಲ್ಲಿ ತಕ್ಕಡಿ ಏನು ತೋರಿಸಿತೋ ಅದೇ ಉತ್ತರ. ಮೂರು ಸಲ ಎಳೆದು ನೋಡಿ. ಅಂಗಡಿಯವರು ಈ ಪರೀಕ್ಷೆಗೆ ಒಪ್ಪದಿದ್ದರೆ ಆ ಸೆಟ್ ಬೇಡ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಒತ್ತು ಯಾಕೆ ಅನ್ನುವವರು ವಿಶಾಖಪಟ್ಟಣದ ಜ್ಯೋತಿ ಯರ್ರಾಜಿ ಅವರ ಓಟದ ಅಂಕಿಗಳನ್ನು ಒಮ್ಮೆ ಎದುರಿಗಿಟ್ಟುಕೊಂಡು ನೋಡಬೇಕು. ಮಹಿಳೆಯರ 100 ಮೀಟರ್ ಹರ್ಡಲ್ಸ್‌ನಲ್ಲಿ ಅನುರಾಧಾ ಬಿಸ್ವಾಲ್ 2002ರಲ್ಲಿ ಬರೆದ 13.38 ಸೆಕೆಂಡಿನ ರಾಷ್ಟ್ರೀಯ ದಾಖಲೆ ಇಪ್ಪತ್ತು ವರ್ಷ ಅಲುಗಲಿಲ್ಲ. 2022ರ ಮೇ ತಿಂಗಳೊಂದರಲ್ಲೇ ಜ್ಯೋತಿ ಅದನ್ನು ಮೂರು ಸಲ ಇಳಿಸಿದರು: ಸೈಪ್ರಸ್‌ನಲ್ಲಿ 13.23, ಇಂಗ್ಲೆಂಡಿನಲ್ಲಿ 13.11, ನೆದರ್‌ಲೆಂಡ್ಸ್‌ನಲ್ಲಿ 13.04. ಅದೇ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 12.82. ಮರುವರ್ಷ ಚೆಂಗ್ಡುವಿನ ವಿಶ್ವ ವಿಶ್ವವಿದ್ಯಾಲಯಗಳ ಕೂಟದಲ್ಲಿ 12.78 ಓಡಿ ಕಂಚು ತಂದರು. 2024ರಲ್ಲಿ ಫಿನ್‌ಲೆಂಡಿನಲ್ಲಿ ಅದೇ 12.78 ಇನ್ನೊಮ್ಮೆ. ಅದೇ ವರ್ಷ ಪ್ಯಾರಿಸ್‌ನಲ್ಲಿ ಓಡಿ, ಒಲಿಂಪಿಕ್ಸ್‌ನ ಈ ಸ್ಪರ್ಧೆಗೆ ಇಳಿದ ಮೊದಲ ಭಾರತೀಯಳಾದರು.

13.38ರಿಂದ 12.78ಕ್ಕೆ ಇಳಿದದ್ದು ಒಟ್ಟು 60 ಶತಾಂಶ ಸೆಕೆಂಡ್. ದಾರಿಯಲ್ಲಿರುವುದು ಹತ್ತು ಹರ್ಡಲ್. ಹಂಚಿದರೆ ಒಂದೊಂದಕ್ಕೆ 6 ಶತಾಂಶ ಬರುತ್ತದೆ. ಈಗ ಇನ್ನೊಂದು ಲೆಕ್ಕ. ಹರ್ಡಲ್ ದಾಟುವಾಗ ಮೈಭಾರ 30 ಸೆಂ.ಮೀ. ಏರಿ ಇಳಿಯುವ ಕಡೆ, ಭಯದಿಂದ 40 ಸೆಂ.ಮೀ. ಏರಿತು ಎಂದುಕೊಳ್ಳಿ. ಗಾಳಿಯಲ್ಲಿ ಕಳೆಯುವ ಹೊತ್ತು ಸುಮಾರು ಏಳೂವರೆ ಶತಾಂಶ ಹೆಚ್ಚುತ್ತದೆ. ಶಾಲೆಯ ವಿಜ್ಞಾನದ ಮೇಷ್ಟ್ರು ಇದನ್ನು ಬೋರ್ಡಿನ ಮೇಲೆ ಎರಡು ಸಾಲಿನಲ್ಲಿ ತೋರಿಸಬಲ್ಲರು. ಅಂದರೆ ಒಂದು ಗೇಣಿಗೂ ಕಮ್ಮಿ ಎತ್ತರದ ಭಯ, ಇಪ್ಪತ್ತು ವರ್ಷದಲ್ಲಿ ದೇಶ ಗಳಿಸಿದ ವೇಗವನ್ನಷ್ಟೂ ನುಂಗಿಬಿಡುತ್ತದೆ. ಬೀಳದ ಹರ್ಡಲ್‌ಗೆ ಒಮ್ಮೆ ಮೊಣಕಾಲು ಬಡಿಸಿಕೊಂಡ ಮಗು ಮುಂದಿನ ಸಲ ಆ ಅರ್ಧ ಗೇಣು ಹೆಚ್ಚು ಎತ್ತರ ಹಾರೇ ಹಾರುತ್ತದೆ. ಹರ್ಡಲ್ಸ್ ಅಂದರೆ ಓಟ. ಪಟ್ಟಿಗೆ ಅಂಟಿಕೊಂಡಂತೆ ದಾಟಿ ನೆಲ ಮುಟ್ಟಬೇಕು. ತಗುಲಿದರೆ ಬೀಳುತ್ತದೆ ಎಂಬ ಧೈರ್ಯ ಇಲ್ಲದವರು ಹಾಗೆ ದಾಟಲಾರರು.

ಈಗ ಒಂದೊಂದಾಗಿ.

ಅಂಗಡಿಯ ಸ್ಪರ್ಧಾ ಹರ್ಡಲ್ ಒಳ್ಳೆಯ ಸಾಮಾನು. ಕಂಬದೊಳಗೆ ಕಂಬ ಜಾರುವಂತಿದ್ದು ಐದು ಎತ್ತರಕ್ಕೆ ನಿಲ್ಲುತ್ತದೆ: 76.2, 83.8, 91.4, 99.1, 106.7 ಸೆಂ.ಮೀ. ಹದಿನೆಂಟರೊಳಗಿನ ಹುಡುಗಿಯರಿಗೂ ಮಹಿಳೆಯರ 400 ಮೀಟರ್‌ಗೂ ಮೊದಲನೆಯದು, ಮಹಿಳೆಯರ 100 ಮೀಟರ್‌ಗೆ ಎರಡನೆಯದು, ಹದಿನೆಂಟರೊಳಗಿನ ಹುಡುಗರ 110ಕ್ಕೂ ಪುರುಷರ 400 ಮೀಟರ್‌ಗೂ ಮೂರನೆಯದು, ಇಪ್ಪತ್ತರೊಳಗಿನ ಹುಡುಗರ 110ಕ್ಕೆ ನಾಲ್ಕನೆಯದು, ಪುರುಷರ 110ಕ್ಕೆ ಕೊನೆಯದು. ಕಾಲುಗಳ ಮೇಲೆ ಅಥವಾ ಒಳಗೆ ಜಾರುವ ತೂಕ ಇರುತ್ತದೆ. ಎತ್ತರ ಬದಲಿಸಿದಾಗಲೆಲ್ಲ ಈ ತೂಕವನ್ನೂ ಸರಿಸಬೇಕು. ಇಲ್ಲೇ ಎಲ್ಲರೂ ಎಡವುವುದು.

ಕಾರಣ ಸರಳ. ಹರ್ಡಲ್ ಒಂದು ಸನ್ನೆಗೋಲು. ಕಂಬದ ಬುಡ ಅದು ತಿರುಗುವ ಆಧಾರಬಿಂದು. ಪಟ್ಟಿ ಎತ್ತರವಾದಷ್ಟೂ ಕಮ್ಮಿ ಬಲಕ್ಕೆ ಉರುಳುತ್ತದೆ, ಹಾಗಾಗಿ ತೂಕವನ್ನು ಕಂಬದಿಂದ ದೂರಕ್ಕೆ, ಕಾಲಿನ ತುದಿಯತ್ತ ತಳ್ಳಬೇಕು. ಪಟ್ಟಿ ಇಳಿಸಿದರೆ ತೂಕ ಹತ್ತಿರ ಬರಬೇಕು. 106.7ಕ್ಕೆ ಸರಿಯಾಗಿ ಹೊಂದಿಸಿದ ಹರ್ಡಲನ್ನು ತೂಕ ಮುಟ್ಟದೆ 76.2ಕ್ಕೆ ಇಳಿಸಿದಿರಿ ಎನ್ನಿ, ಉರುಳಿಸಲು 3.8 ಕಿಲೋ ಸಾಕಾಗುತ್ತಿದ್ದದ್ದು 5.3 ಕಿಲೋಗೆ ಏರುತ್ತದೆ. ಅದೂ ಯಾರಿಗೆ? ಸೆಟ್‌ನಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗಿಗೆ. ಉಲ್ಟಾ ಮಾಡಿದರೆ, ಅಂದರೆ 76.2ರ ತೂಕ ಇಟ್ಟು 106.7ಕ್ಕೆ ಏರಿಸಿದರೆ, 2.7 ಕಿಲೋಗೇ ಬೀಳುತ್ತದೆ, ಆಷಾಢದ ಗಾಳಿಗೆ ಪದೇ ಪದೇ ಮಗುಚಿಕೊಳ್ಳುತ್ತದೆ. ಇದು ತಯಾರಕರ ತಪ್ಪಲ್ಲ, ಬಳಕೆಯ ತಪ್ಪು. ಆದರೂ ಕೊಳ್ಳುವಾಗ ತೂಕ ನಿಲ್ಲುವ ಜಾಗದಲ್ಲಿ ಎತ್ತರದ ಅಂಕಿ ಕೊರೆದಿದೆಯೇ ನೋಡಿ. ಬರೀ ಸ್ಟಿಕ್ಕರ್ ಆದರೆ ಒಂದು ಮಳೆಗಾಲಕ್ಕೆ ಎದ್ದು ಹೋಗುತ್ತದೆ. ಬಂದ ದಿನವೇ ಪೇಂಟಿನಲ್ಲಿ ಗೆರೆ ಎಳೆದಿಟ್ಟುಕೊಳ್ಳಿ.

ಈ ಬಗೆಯಲ್ಲಿ ಮೊದಲು ಕೆಡುವುದು ಎತ್ತರದ ಗುಂಡಿ, ಅಂದರೆ ಸ್ಪ್ರಿಂಗ್ ಇರುವ ಪಿನ್ನು. ಮಣ್ಣಿನ ಮೈದಾನದ ಧೂಳು ಒಳಗೆ ಕೂತು, ಮೇಲೆ ನೀರು ಬಿದ್ದು, ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಆಮೇಲೆ ಯಾರೋ ಒಬ್ಬರು ಮೊಳೆ ಸಿಕ್ಕಿಸುತ್ತಾರೆ, ಮೊಳೆಯ ಮೂತಿ ಹೊರಗೆ ಚಾಚಿಕೊಂಡಿರುತ್ತದೆ, ಹಿಂದೆ ಬರುವ ಕಾಲಿನ ಕಣಕಾಲಿಗೆ ಸರಿಯಾಗಿ ಅದೇ ಎತ್ತರ. ತಿಂಗಳಿಗೊಮ್ಮೆ ಪಿನ್ನು ಬಿಚ್ಚಿ, ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಗ್ರೀಸ್ ಬೇಡ, ಧೂಳು ಮೆತ್ತಿಕೊಳ್ಳುತ್ತದೆ. ಮೇಲಿನ ಪಟ್ಟಿ ಪ್ಲಾಸ್ಟಿಕ್ಕಿನದಾದರೆ ಬಿಸಿಲಿಗೆ ಒಣಗಿ, ಸ್ಕ್ರೂ ಇರುವ ಜಾಗದಲ್ಲಿ ಸೀಳುತ್ತದೆ. ಬಿಡಿ ಪಟ್ಟಿ ಸಿಗುತ್ತದೆಯೇ ಎಂದು ಬಿಲ್ಲು ಮಾಡಿಸುವ ಮೊದಲೇ ಕೇಳಿ. ಹತ್ತು ಹರ್ಡಲ್‌ಗೆ ಎರಡು ಪಟ್ಟಿ ಜಾಸ್ತಿ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ವೆಲ್ಡಿಂಗ್ ಅಂಗಡಿಯದು ಹೆಚ್ಚು ಹೇಳಬೇಕಾದ ಬಗೆ, ಯಾಕೆಂದರೆ ಹಳ್ಳಿ ಶಾಲೆಗೆ ಕೈಗೆಟಕುವುದು ಇದೇ, ಅತ್ಯಂತ ಅಪಾಯದ್ದೂ ಇದೇ. ಒಂದು ಸ್ಪರ್ಧಾ ಹರ್ಡಲ್‌ನ ದುಡ್ಡಿಗೆ ಎರಡೋ ಮೂರೋ ಮಾಡಿಸಬಹುದು. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಸುತ್ತ ಕೆಲಸ ಬಲ್ಲ ಕೈಗಳಿಗೆ ಬರವಿಲ್ಲ. ತೊಂದರೆ ಆಗುವುದು ನಾವು ಕೊಡುವ ಆರ್ಡರಿನಿಂದ. 'ಗಟ್ಟಿಯಾಗಿ ನಿಲ್ಲೋ ಹಂಗೆ ಮಾಡಿ' ಅಂದರೆ ವೆಲ್ಡರ್ ಮೇಜು ಮಾಡುವವನಂತೆ ಎರಡೂ ಕಡೆ ಕಾಲು ಕೊಟ್ಟು ತಲೆಕೆಳಗಾದ ಟಿ ಆಕಾರಕ್ಕೆ ತಂದುಬಿಡುತ್ತಾರೆ. ಅದು ಗಟ್ಟಿಯಾಗಿಯೇ ನಿಲ್ಲುತ್ತದೆ. ಬಡಿದವರು ಬೀಳುತ್ತಾರೆ, ಅದು ಬೀಳುವುದಿಲ್ಲ. ಜಗತ್ತೇ ಈ ಟಿ ಆಕಾರವನ್ನು ಬಿಟ್ಟು 1935ರ ಹೊತ್ತಿಗೆ, ಕಾಲು ಒಂದೇ ಕಡೆಗಿರುವ ಎಲ್ ಆಕಾರಕ್ಕೆ ಬಂತು. ಇವತ್ತಿಗೂ ಅದನ್ನೇ ಮಾಡಿಸಿ ಮಕ್ಕಳನ್ನು ಓಡಿಸುವುದು ಸರಿಯಲ್ಲ. ನಿಮ್ಮ ಶಾಲೆಯಲ್ಲಿ ಅಂಥವು ಇದ್ದರೆ ಗುಜರಿಗೆ ಹಾಕುವುದೂ ಬೇಡ, ಮುಂದಿನ ಕಡೆಯ, ಅಂದರೆ ಓಟಗಾರ ದಾಟಿ ಇಳಿಯುವ ಕಡೆಯ ಕಾಲನ್ನು ಕಂಬದ ಬುಡಕ್ಕೇ ಕತ್ತರಿಸಿ ತೆಗೆಸಿ, ಹಿಂದಿನ ಕಾಲಿಗೆ ತೂಕ ಕಟ್ಟಿಸಿ. ಅರ್ಧ ದಿನದ ಕೆಲಸ.

ಹೊಸದಾಗಿ ಮಾಡಿಸುವವರು ಅಳತೆಯನ್ನು ಇಂಚಿನಲ್ಲಿ ಹೇಳಿ. ಐದು ಎತ್ತರಗಳೂ ಮೂರು ಮೂರು ಇಂಚಿನ ಮೆಟ್ಟಿಲು: 30, 33, 36, 39, 42 ಇಂಚು. ಸೆಂಟಿಮೀಟರಿನಲ್ಲಿ ತೊಡಕಾಗಿ ಕಾಣುವ 83.8, ವೆಲ್ಡರ್‌ನ ಟೇಪಿನಲ್ಲಿ ಚೊಕ್ಕ 33. ತೂತು ಕೊರೆಯುವುದು ತಪ್ಪುವುದೇ ಇಲ್ಲ. ಹೊರಗಿನ ಕಂಬಕ್ಕೂ ಕಾಲಿಗೂ 25 ಮಿ.ಮೀ. ಚೌಕ ಪೈಪು, 2 ಮಿ.ಮೀ. ದಪ್ಪದ್ದು, ಒಳಗೆ ಜಾರುವುದಕ್ಕೆ 20 ಮಿ.ಮೀ. ಕಾಲು ಓಟಗಾರ ಬರುವ ಕಡೆಗೆ ಮಾತ್ರ, 70 ಸೆಂ.ಮೀ. ಎರಡು ಕಾಲಿನ ತುದಿಗಳನ್ನು ಅಡ್ಡಪಟ್ಟಿಯಿಂದ ಸೇರಿಸಬೇಡಿ. ನೆಲ ಒದ್ದು ನೆಗೆಯುವ ಕಾಲು ಅದಕ್ಕೆ ಸಿಕ್ಕುವ ಸಾಧ್ಯತೆ ಇರುತ್ತದೆ.

ತೂಕಕ್ಕೆ ಗುಜರಿಯ ಗಟ್ಟಿ ಕಬ್ಬಿಣದ ತುಂಡು ಸಾಕು, ಒಂದೊಂದು ಕಾಲಿಗೆ 2.5 ಕಿಲೋ. ಯು-ಕ್ಲಾಂಪ್ ಹಾಕಿ, ಕೈಯಲ್ಲೇ ತಿರುಗಿಸುವ ಚಿಟ್ಟೆ ನಟ್ಟು ಕೊಟ್ಟರೆ ಸ್ಪ್ಯಾನರ್ ಹುಡುಕುವ ಕೆಲಸವಿಲ್ಲ. ಮೇಲೆ ಹೇಳಿದ ಪೈಪಿಗೆ ಲೆಕ್ಕ ಹಾಕಿದರೆ, ಕಂಬದ ಬುಡದಿಂದ ತೂಕದ ನಡುವಿನವರೆಗಿನ ದೂರ 30 ಇಂಚಿಗೆ 44 ಸೆಂ.ಮೀ., 33ಕ್ಕೆ 50, 36ಕ್ಕೆ 56, 39ಕ್ಕೆ 62, 42ಕ್ಕೆ 67 ಆಸುಪಾಸು ಬರುತ್ತದೆ. ಆಸುಪಾಸು ಎಂದೇ ಹೇಳುತ್ತಿದ್ದೇವೆ: ಪೈಪಿನ ದಪ್ಪ, ವೆಲ್ಡಿಂಗಿನ ಭಾರ ಬೇರೆಯಾದರೆ ಒಂದೆರಡು ಸೆಂ.ಮೀ. ಆಚೀಚೆ ಆಗುತ್ತದೆ. ತಕ್ಕಡಿಯಲ್ಲಿ ಎಳೆದು, 3.8ರ ಸುತ್ತ ನಿಂತ ಜಾಗಕ್ಕೆ ಕೊನೆಯ ಗೆರೆ ಹಾಕಿ.

ಮೇಲಿನ ಪಟ್ಟಿಗೆ ನೀಲಗಿರಿ ಹಲಗೆ ಬೇಡ. ಸುಲಭಕ್ಕೆ ಸಿಗುತ್ತದೆ ನಿಜ, ಒಣಗುತ್ತಾ ತಿರುಚುತ್ತದೆ, ಸೀಳು ಬಿಟ್ಟು ಚೂರು ಚುಚ್ಚುತ್ತದೆ. ಸಿಲ್ವರ್ ಓಕ್ ಹಗುರ, ಎರಡು ಕೋಟು ಬಣ್ಣ ಕೊಟ್ಟರೆ ಚೆನ್ನಾಗಿ ನಿಲ್ಲುತ್ತದೆ. ದಪ್ಪ 1ರಿಂದ 2.5 ಸೆಂ.ಮೀ. ಒಳಗಿರಲಿ. ಮೇಲಿನ ಅಂಚನ್ನು ಉಜ್ಜುಗಾಗದ ಹಾಕಿ ದುಂಡಗೆ ಮಾಡಿಸಿ, ಬೋಲ್ಟಿನ ತಲೆ ಹಲಗೆಯೊಳಗೆ ಮುಳುಗಿರಲಿ. ಬಣ್ಣ ಕಪ್ಪು-ಬಿಳಿ, ಎರಡೂ ತುದಿಗೆ ಬಿಳಿ. ಸಂಜೆಯ ಮಬ್ಬಿನಲ್ಲಿ ತುದಿ ಎಲ್ಲಿದೆ ಎಂದು ಕಣ್ಣಿಗೆ ಹೇಳುವುದು ಆ ಬಿಳಿಯೇ. ಸಿಂಥೆಟಿಕ್ ಟ್ರ್ಯಾಕಿಗೆ ಒಯ್ಯುವುದಿದ್ದರೆ ಪೈಪಿನ ತುದಿಗಳಿಗೆ ರಬ್ಬರ್ ಬುಷ್ ಕಡ್ಡಾಯ. ಬೋಳು ಪೈಪು ಟ್ರ್ಯಾಕನ್ನು ಕೊರೆಯುತ್ತದೆ. ಮಹಾತ್ಮ ಗಾಂಧಿ ಕ್ರೀಡಾಂಗಣದ ಟ್ರ್ಯಾಕ್ ಇಡೀ ಜಿಲ್ಲೆಯ ಮಕ್ಕಳದು.

ಪಿವಿಸಿ ಬಗ್ಗೆ ಚಿಕ್ಕದಾಗಿ. ಒಂದಿಂಚಿನ ಪೈಪಿನದು, ಕಾಲಿಗೆ ಮರಳು ತುಂಬಿದರೂ ನಿಯಮದ 3.6 ಕಿಲೋಗಿಂತ ಬಹಳ ಕಮ್ಮಿ ಬಲಕ್ಕೇ ಬೀಳುತ್ತದೆ. ಐದು, ಆರನೇ ಕ್ಲಾಸಿನ ಮಕ್ಕಳ ಭಯ ಬಿಡಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಎತ್ತರ ಒಂದೂವರೆ ಅಡಿಯಿಂದ ಎರಡು ಅಡಿ ಇರಲಿ. ಟೀ ಜೋಡಣೆಗೆ ಅಂಟು ಹಾಕಬೇಡಿ; ಬಡಿದಾಗ ಕಳಚಿಕೊಳ್ಳುವುದೇ ಲಾಭ. ಹೈಸ್ಕೂಲ್ ಮಕ್ಕಳಿಗೆ ಇದರಲ್ಲೇ ಪೂರ್ತಿ ಅಭ್ಯಾಸ ಮಾಡಿಸಿದರೆ ಪಟ್ಟಿಯನ್ನು ಒದ್ದುಕೊಂಡೇ ಓಡುವುದು ರೂಢಿಯಾಗುತ್ತದೆ, ಜಿಲ್ಲಾ ಮಟ್ಟದಲ್ಲಿ ನಿಜವಾದ ಹರ್ಡಲ್ ಎದುರಾದಾಗ ಲಯ ಒಡೆಯುತ್ತದೆ.

ಸೆಟ್ ಎಷ್ಟೇ ಒಳ್ಳೆಯದಿರಲಿ, ಇಡುವುದು ತಪ್ಪಿದರೆ ಹಣ ದಂಡ. ಹರ್ಡಲ್‌ನ ಕಾಲು ಓಟಗಾರರು ಬರುವ ಕಡೆಗೇ ಇರಬೇಕು. ಅಭ್ಯಾಸದಲ್ಲಿ ಅತಿ ಹೆಚ್ಚು ಗಾಯ ಮಾಡುವ ತಪ್ಪು ಒಂದೇ: ಹೋದ ಮಕ್ಕಳು ಅದೇ ಸಾಲಿನಲ್ಲಿ ಹರ್ಡಲ್ ದಾಟುತ್ತಾ ವಾಪಸ್ ಬರುವುದು. ಆ ಕಡೆಯಿಂದ ಬಡಿದರೆ ಹರ್ಡಲ್‌ನ ಕಾಲು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಹರ್ಡಲ್ ಬೀಳುವುದೇ ಇಲ್ಲ. ಪಕ್ಕದ ಲೇನಿನಲ್ಲಿ ನಡೆದು ಬರಲಿ. ಹೇಗಿದ್ದರೂ ಆ ವಿರಾಮ ಬೇಕು.

ಮಹಿಳೆಯರ 100ಕ್ಕೆ ಮೊದಲ ಹರ್ಡಲ್ 13 ಮೀಟರಿಗೆ, ನಡುವೆ 8.5, ಕೊನೆಯದರಿಂದ ಗೆರೆಗೆ 10.5. ಪುರುಷರ 110ಕ್ಕೆ 13.72, 9.14, 14.02. 400ಕ್ಕೆ ಇಬ್ಬರಿಗೂ 45, 35, 40. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಸಾಮಾನ್ಯವಾಗಿ 100ರ ಗುರುತು ಹಳದಿ, 110ರದು ನೀಲಿ, 400ರದು ಹಸಿರು; ಟೇಪ್ ಹಿಡಿಯುವ ಕೆಲಸ ಉಳಿಯುತ್ತದೆ. ಮಣ್ಣಿನ ಮೈದಾನದಲ್ಲಿ ಸುಣ್ಣದ ಗುರುತು ಒಂದು ಮಳೆಗೆ ಹೋಗುತ್ತದೆ. ಲೇನಿನ ಅಂಚಿನಲ್ಲಿ ಆರಿಂಚಿನ ಗೂಟವನ್ನು ನೆಲದ ಮಟ್ಟಕ್ಕಿಂತ ಕೆಳಗೆ ಹೊಡೆದು ತಲೆಗೆ ಬಣ್ಣ ಬಳಿದಿಟ್ಟರೆ ವರ್ಷವಿಡೀ ಅಳತೆ ಸಿಗುತ್ತದೆ. ಮಳೆ ಬಿದ್ದ ಮರುದಿನ ಕಾಲು ನೆಲಕ್ಕೆ ಇಳಿದು ಎರಡು ಮೂರು ಸೆಂ.ಮೀ. ಎತ್ತರ ತಪ್ಪುತ್ತದೆ, ಹುಗಿದ ಕಾಲು ಉರುಳಲೂ ಬಿಡುವುದಿಲ್ಲ. ಅವತ್ತು ಕಾಲಿನಡಿ ಹಲಗೆ ತುಂಡು ಕೊಡಿ, ಇಲ್ಲವೇ ಅಭ್ಯಾಸವನ್ನೇ ಮುಂದೂಡಿ.

8.5 ಮೀಟರಿನಲ್ಲಿ ಪಟ್ಟಿಗೆ ಸುಮಾರು 2 ಮೀಟರ್ ಹಿಂದೆ ಎದ್ದು, 1 ಮೀಟರ್ ಮುಂದೆ ಇಳಿದರೆ, ನಡುವಿನ ಮೂರು ಹೆಜ್ಜೆಗೆ ಉಳಿಯುವುದು ಐದೂವರೆ ಮೀಟರ್ ಮಾತ್ರ. ಎತ್ತರ ಹಾರುವ ಮಗು ಹತ್ತಿರ ಎದ್ದು ಹತ್ತಿರವೇ ಇಳಿಯುತ್ತದೆ, ವೇಗ ಸಾಯುತ್ತದೆ, ಮೂರು ಹೆಜ್ಜೆ ಸಾಲದೆ ನಾಲ್ಕೋ ಐದೋ ಇಡುತ್ತದೆ. ಆಗ ಪಿ.ಟಿ. ಮೇಷ್ಟ್ರು 'ಇನ್ನೂ ಜೋರಾಗಿ ಓಡು' ಎಂದು ಕೂಗಿ ಪ್ರಯೋಜನವಿಲ್ಲ. ಹರ್ಡಲ್ ಒಂದು ಮೆಟ್ಟಿಲು ಇಳಿಸಿ, ತೂಕ ಸರಿಸಿ, ಅಂತರವನ್ನು 7 ಮೀಟರಿಗೆ ತನ್ನಿ. ಮೂರು ಹೆಜ್ಜೆಯ ಲಯ ಕೂತ ಮೇಲೆ ಅರ್ಧ ಅಡಿಯಂತೆ ಬಿಡಿಸುತ್ತಾ ಹೋಗಿ.

ಹೋಬಳಿ, ತಾಲ್ಲೂಕು ಕೂಟ ನಡೆಸುವವರಿಗೆ ಒಂದು ಮಾತು. ಜ್ಯೋತಿ 2020ರಲ್ಲಿ ನಮ್ಮ ಮೂಡಬಿದಿರೆಯಲ್ಲೇ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ 13.03 ಓಡಿದ್ದರು. ಉದ್ದೀಪನ ಮದ್ದಿನ ಪರೀಕ್ಷೆ ಆಗಿರಲಿಲ್ಲ, ಹಾಗಾಗಿ ದಾಖಲೆಯಾಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಕೋಳಿಕ್ಕೋಡಿನಲ್ಲಿ ಹಳೆಯ ದಾಖಲೆಗಿಂತ ಬೇಗ ಓಡಿದರು, ಬೆನ್ನಗಾಳಿ ಸೆಕೆಂಡಿಗೆ 2.1 ಮೀಟರ್ ಇತ್ತು, ಮಿತಿ 2.0. ಅದೂ ಹೋಯಿತು. ಅದೇ ಅಕ್ಟೋಬರ್‌ನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 12.79, ಗಾಳಿ 2.5. ಮತ್ತೆ ಹೋಯಿತು. ಓಡಿದ್ದು ಓಡಿದ್ದೇ, ಬರೆದಿಡುವ ಏರ್ಪಾಡು ಸರಿಯಿದ್ದರೆ ಮಾತ್ರ ಉಳಿಯುತ್ತದೆ. ತಾಲ್ಲೂಕಿಗೆ ಗಾಳಿಮಾಪಕ ತರಿಸುವ ಶಕ್ತಿ ಇಲ್ಲದಿರಬಹುದು. ಇರುವವರು ಅದನ್ನು ಗೆರೆಯಿಂದ 50 ಮೀಟರ್ ಹಿಂದೆ, ಟ್ರ್ಯಾಕಿನಿಂದ 2 ಮೀಟರ್ ಒಳಗೆ, 1.22 ಮೀಟರ್ ಎತ್ತರದಲ್ಲಿ ಇಟ್ಟು ಹರ್ಡಲ್ಸ್‌ಗೆ 13 ಸೆಕೆಂಡ್ ಅಳೆಯಬೇಕು. ಇಲ್ಲದವರು ಕನಿಷ್ಠ ಫಲಿತಾಂಶದ ಹಾಳೆಯಲ್ಲಿ ಹರ್ಡಲ್ ಎತ್ತರ, ಅಂತರ, ಕೈಯಲ್ಲಿ ಒತ್ತುವ ಸ್ಟಾಪ್‌ವಾಚೋ ಎಲೆಕ್ಟ್ರಾನಿಕ್ಕೋ ಎಂಬುದನ್ನು ಬರೆಯಲಿ. ಸ್ಟಾಪ್‌ವಾಚಿನ ಹೊತ್ತು ಎಲೆಕ್ಟ್ರಾನಿಕ್ ಹೊತ್ತಿಗಿಂತ ಈ ಓಟದಲ್ಲಿ 0.24 ಸೆಕೆಂಡ್ ಕಮ್ಮಿ ಎಂದು ಹಿಡಿಯುವುದು ವಾಡಿಕೆ. ಅದು ಗೊತ್ತಿಲ್ಲದೆ ಆಯ್ಕೆಗೆ ಹೋದ ಹುಡುಗಿ ತನ್ನ ವೇಗ ಕುಸಿಯಿತೆಂದು ಕೊರಗುತ್ತಾಳೆ. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನ ಕಂಚನ್ನು ಒಂದು ಶತಾಂಶದಲ್ಲಿ ಕಳೆದುಕೊಂಡರು. ಈ ಆಟದಲ್ಲಿ ಸಣ್ಣ ಅಂಕಿ ಎಂಬುದೇ ಇಲ್ಲ.

ಕೂಟದ ದಿನ ಹುಡುಗಿಯರ 76.2 ಮುಗಿದು ಹುಡುಗರ 91.4ಕ್ಕೆ ಏರಿಸುವಾಗ ಒಬ್ಬರು ಎತ್ತರ, ಇನ್ನೊಬ್ಬರು ತೂಕ ಎಂದು ಹಂಚಿಕೊಳ್ಳಿ. ಒಬ್ಬರೇ ಎರಡೂ ಮಾಡಹೋದರೆ ತೂಕ ಮರೆತೇ ಹೋಗುತ್ತದೆ.

ಕೊಳ್ಳುವುದಾದರೆ ನಮ್ಮ ಸಲಹೆ ಹೀಗೆ. ಕೂಟ ನಡೆಸುವ ಸಂಸ್ಥೆಗೆ ಸ್ಪರ್ಧಾ ಹರ್ಡಲ್ಲೇ ಆಗಬೇಕು. ಎಂಟು ಲೇನಿಗೆ ಎಂಬತ್ತು ಬೇಕು ಎಂಬುದು ತಿಳಿದಿರಲಿ. ಅಭ್ಯಾಸ ಮಾತ್ರ ಸಾಕು ಅನ್ನುವ ಹೈಸ್ಕೂಲಿಗೆ, ಅಳತೆ ಕೊಟ್ಟು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಎಲ್ ಆಕಾರದ್ದು ಧಾರಾಳ. ಹತ್ತು ಬೇಕೆಂದೇನೂ ಇಲ್ಲ, ದಿನದ ಅಭ್ಯಾಸ ಐದರಲ್ಲಿ ನಡೆಯುತ್ತದೆ. ಪ್ರಾಥಮಿಕ ಶಾಲೆಗೆ ಪಿವಿಸಿ. ವೆಲ್ಡಿಂಗ್ ಅಂಗಡಿಗೆ ಹೋಗುವವರು ಮೊದಲು ಒಂದೇ ಒಂದನ್ನು ಮಾಡಿಸಿ, ಅಂಗಡಿಯ ಮುಂದೆಯೇ ನಿಲ್ಲಿಸಿ, 33 ಇಂಚಿಗೆ ಏರಿಸಿ ತಕ್ಕಡಿಯಲ್ಲಿ ಎಳೆಯಿರಿ. 3.6ರಿಂದ 4ರೊಳಗೆ ಉರುಳಿದರೆ ಉಳಿದ ನಾಲ್ಕಕ್ಕೆ ಅಡ್ವಾನ್ಸ್ ಕೊಡಿ.